ನಂದಿ ಬೆಟ್ಟಕ್ಕೆ ಫಿರಂಗಿ ಹತ್ತಿದ ಬಗೆ

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊರಗೆ ಬೀಡುಬಿಟ್ಟಿದ್ದ ಇಂಗ್ಲಿಷ್ ಸೇನೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಳುಮಾಡಿತು. ಸೋತು ಹಾಗೆ ಮಾಡಿದ್ದಲ್ಲ. ಅದಕ್ಕೆ ಕೆಲವೇ ದಿನ ಮೊದಲು, ಮೇ 15ರಂದು, ಅರಕೆರೆಯ ಬಳಿ ಟಿಪ್ಪು ಸುಲ್ತಾನನ ಸೇನೆಯನ್ನು ಅದು ಹಿಂದಕ್ಕಟ್ಟಿತ್ತು. ಆದರೆ ಗೆದ್ದವರ ಬಳಿ ಫಿರಂಗಿ ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಮೇವಿಲ್ಲದೆ, ರೋಗ ಬಡಿದು, ಮಳೆಗೆ ಸಿಕ್ಕಿ ಸಾವಿರಾರು ದನಗಳು ಸತ್ತಿದ್ದವು. ಸಿಪಾಯಿಗಳೇ ಹಗ್ಗ ಹಿಡಿದು ಗಾಡಿ ಎಳೆದು ನೋಡಿದ್ದೂ ಆಗಿತ್ತು. ಕೊನೆಗೆ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನತ್ತ ಮುಖ ತಿರುಗಿಸಬೇಕಾಯಿತು.

ಯುದ್ಧದ ಚರಿತ್ರೆ ಬರೆಯುವವರು ಕೋವಿ, ಕತ್ತಿ, ಸೇನಾಪತಿಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅವನ್ನೆಲ್ಲ ಹೊತ್ತು ನಡೆದ ಪ್ರಾಣಿಗಳಿಗೆ ಸಿಗುವುದು ಒಂದೆರಡು ಸಾಲು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ವರ್ಷದ ಕೊನೆಗೆ ನಡೆದದ್ದನ್ನು ಮಾತ್ರ ಎತ್ತು, ಆನೆಗಳನ್ನು ಬಿಟ್ಟು ಹೇಳುವಂತೆಯೇ ಇಲ್ಲ.

ಆ ಕಾಲದ ಫಿರಂಗಿಗೆ ಹೆಸರು ಬರುತ್ತಿದ್ದುದು ಅದು ಹಾರಿಸುವ ಗುಂಡಿನ ತೂಕದಿಂದ. ಹನ್ನೆರಡು ಪೌಂಡಿನದು, ಹದಿನೆಂಟರದು, ಇಪ್ಪತ್ನಾಲ್ಕರದು, ಹೀಗೆ. ಬಯಲಿನ ಕಾಳಗಕ್ಕೆ ಆರು ಪೌಂಡಿನ ಹಗುರ ತೋಪು ಸಾಕು. ಕೋಟೆಯ ಕಲ್ಲುಗೋಡೆ ಬೀಳಿಸಬೇಕಾದರೆ ಹದಿನೆಂಟು, ಇಪ್ಪತ್ನಾಲ್ಕು ಪೌಂಡಿನವೇ ಬೇಕು. ಇಪ್ಪತ್ನಾಲ್ಕು ಪೌಂಡಿನ ಕಬ್ಬಿಣದ ಫಿರಂಗಿ ಒಂದೇ ಸುಮಾರು ಎರಡೂವರೆ ಟನ್ ತೂಗುತ್ತಿತ್ತು. ಗಾಲಿ, ಮರದ ದಿಮ್ಮಿ, ಗುಂಡು, ಮದ್ದು ಎಲ್ಲ ಬೇರೆ. ಒಂದೊಂದಕ್ಕೂ ಹತ್ತಾರು ಜೊತೆ ಎತ್ತು ಕಟ್ಟುತ್ತಿದ್ದರು. ಗಾಲಿ ಹಳ್ಳಕ್ಕೆ ಇಳಿದರೆ ಹಿಂದಿನಿಂದ ಆನೆ ಬಂದು ಹಣೆಯೊತ್ತಿ ನೂಕಬೇಕಿತ್ತು. ಎತ್ತು ಮುಂದೆ ಎಳೆದಾಗ ಗಾಲಿ ಮತ್ತೆ ಹಿಂದಕ್ಕೆ ಜಾರದಂತೆ ತಡೆಯುವುದನ್ನೂ ಆನೆಗಳು ಕಲಿತಿದ್ದವು.

ಈ ವಿದ್ಯೆಯಲ್ಲಿ ಮೈಸೂರು ಇಂಗ್ಲಿಷರಿಗಿಂತ ಬಹಳ ಮುಂದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಹೈದರ್ ಅಲಿ ಸೇನೆಯ ಸಾಗಾಟಕ್ಕೆ ಒಗ್ಗಿಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರಿಗೆ ಹಾಲು ಬೆಣ್ಣೆಯ ಇಲಾಖೆ, ಕೆಲಸದಲ್ಲಿ ತೋಪು ಎಳೆಯುವ ಎತ್ತುಗಳ ಇಲಾಖೆ. ಹಳ್ಳಿಕಾರ್ ತಳಿಯ ಬಲದ ಮೇಲೆ ಬೆಳೆದ ಈ ದನಗಳಿಗೆ ರಾಜ್ಯದುದ್ದಕ್ಕೂ ಕಾವಲುಗಳನ್ನು ಮೀಸಲಿಟ್ಟಿದ್ದರು. ಇವು ಕುದುರೆಯಷ್ಟು ಚುರುಕಾಗಿ ನಡೆಯುತ್ತವೆ ಎಂದು ಬ್ರಿಟಿಷ್ ಅಧಿಕಾರಿಗಳೇ ಹೊಟ್ಟೆಕಿಚ್ಚಿನಿಂದ ಬರೆದಿದ್ದಾರೆ. ಹಳ್ಳಿಕಾರ್ ಎತ್ತು ಚಿಕ್ಕಬಳ್ಳಾಪುರ ಸೀಮೆಗೆ ಹೊಸದೇನಲ್ಲ. ಶಿವರಾತ್ರಿಗೆ ನಂದಿ ಗ್ರಾಮದ ಭೋಗನಂದೀಶ್ವರನ ಸನ್ನಿಧಿಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಇಂದಿಗೂ ಜನ ಮೊದಲು ಹುಡುಕುವುದು ಆ ತಳಿಯ ಜೋಡಿಯನ್ನೇ.

ಬೆಂಗಳೂರಿಗೆ ಮರಳಿದ ಕಾರ್ನ್‌ವಾಲಿಸನಿಗೆ ಪಾಠ ತಿಳಿದಿತ್ತು. ಶ್ರೀರಂಗಪಟ್ಟಣಕ್ಕೆ ಮತ್ತೆ ಹೋಗುವ ಮೊದಲು ದವಸದ ದಾರಿ ತೆರೆಯಬೇಕು. ಆಗಸ್ಟ್‌ನಲ್ಲಿ ಮದ್ರಾಸಿನ ಕಡೆಯಿಂದ ಹಣ ಹೊತ್ತ 100 ಆನೆ, ಅಕ್ಕಿ ಹೇರಿದ 6,000 ಎತ್ತುಗಳ ಸಾಲೊಂದು ಬಂತು. ಸೇನೆಯ ಬೆನ್ನಿಗೆ ಧಾನ್ಯ ಮಾರುತ್ತ ಸಾಗುವ ಲಂಬಾಣಿಗಳನ್ನೂ ಓಲೈಸಿದ್ದಾಯಿತು. ಆದರೆ ಉತ್ತರದ ದಾರಿ, ಅಂದರೆ ಮಿತ್ರನಾದ ಹೈದರಾಬಾದಿನ ನಿಜಾಮನ ಸೇನೆ ಮತ್ತು ಸರಕು ಬರಬೇಕಾದ ದಾರಿ, ಟಿಪ್ಪುವಿನ ಗಿರಿದುರ್ಗಗಳ ಕಣ್ಣಳತೆಯಲ್ಲಿತ್ತು. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದು ನಂದಿದುರ್ಗ.

ಕೆಲಸ ಮೇಜರ್ ಗೌಡಿ ಎಂಬ ಅಧಿಕಾರಿಯ ಪಾಲಿಗೆ ಬಂತು. (ಹೆಸರು ಕೇಳಿ ಹಿಂದೆ ನಂದಿಯನ್ನು ಆಳಿದ ಆವತಿಯ ಗೌಡರ ಕಡೆಯವನೆಂದು ಯಾರೂ ಭಾವಿಸಬಾರದು. ನಂದಿಯನ್ನು ಅವರ ಕೈಯಿಂದ ಕಿತ್ತುಕೊಂಡವನು ಹೈದರ್.) ಈಗಿನ ಚಿಂತಾಮಣಿ ತಾಲ್ಲೂಕಿನ ರಹಮಾನ್‌ಗಢ ಸೆಪ್ಟೆಂಬರಿನಲ್ಲಿ ಅವನ ತೋಪುಗಳಿಗೆ ಬೇಗನೆ ಶರಣಾಯಿತು. ಅಂಬಾಜಿದುರ್ಗವೂ ಹೆಚ್ಚು ಕಾಡಲಿಲ್ಲ. ನಂದಿ ಅಂಥದ್ದಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟ. ಸುತ್ತಳತೆಯ ಮುಕ್ಕಾಲು ಪಾಲು ಮನುಷ್ಯ ಹತ್ತಲಾಗದ ಬಂಡೆ. ಹತ್ತಬಹುದಾದ ಒಂದೇ ಮಗ್ಗುಲಲ್ಲಿ ಒಂದರ ಹಿಂದೆ ಒಂದು ಎರಡು ಗಟ್ಟಿ ಗೋಡೆಗಳು, ಬಾಗಿಲಿಗೆ ಮರೆಯಾಗಿ ಹೊರಗೊಂದು ಕಟ್ಟಡ.

ಗೌಡಿ ಮೊದಲು ಪಕ್ಕದ ಗುಡ್ಡಕ್ಕೆ ದಾರಿ ಕಡಿಸಿ ತೋಪು ಏರಿಸಿದ. ಅಲ್ಲಿಂದ ಹೊಡೆದ ಗುಂಡು ಗೋಡೆಗೆ ನಾಟಲಿಲ್ಲ, ದೂರ ಹೆಚ್ಚಾಯಿತು. ಉಳಿದದ್ದು ಒಂದೇ ಉಪಾಯ: ಕೋಟೆಯವರ ಕಣ್ಣೆದುರೇ ನಂದಿಯ ಇಳಿಜಾರಿನ ಮೇಲೆ ಫಿರಂಗಿಗಳನ್ನು ಹತ್ತಿಸುವುದು. ಬಂಡೆ ಸೀಳಿ, ಪೊದೆ ಕಡಿದು ದಾರಿ ಮಾಡಿದರು. ಮೇಲಿನಿಂದ ಗುಂಡು ಬೀಳುತ್ತಲೇ ಇತ್ತು. ನೊಗ ಕಟ್ಟಿದ ಎತ್ತು ನಿಲ್ಲಲಾರದ ಕಡಿದಾದ ಜಾಗದಲ್ಲಿ ಫಿರಂಗಿಯನ್ನು ಮೇಲಕ್ಕೇರಿಸಿದ್ದು ಆನೆಗಳು. ಅವಿಲ್ಲದಿದ್ದರೆ ಈ ಮುತ್ತಿಗೆ ಸಾಧ್ಯವೇ ಇರುತ್ತಿರಲಿಲ್ಲ ಎಂದು ಜೊತೆಗಿದ್ದವರೇ ಒಪ್ಪಿಕೊಂಡಿದ್ದಾರೆ. ಒಳಗಿದ್ದ ಟಿಪ್ಪುವಿನ ಸಿಪಾಯಿಗಳು ಮೂರು ವಾರ ಹಿಡಿದು ನಿಂತರು. ಅಷ್ಟರಲ್ಲಿ ಹೊರಗೋಡೆಯಲ್ಲಿ ಎರಡು ಕಡೆ ಬಿರುಕು ಬಿಟ್ಟಿತ್ತು. ಒಳಗೋಡೆ ಮಾತ್ರ ಇಡಿಯಾಗಿಯೇ ಇತ್ತು.

ಕಾರ್ನ್‌ವಾಲಿಸ್ ದೊಡ್ಡ ಸೇನೆಯನ್ನೇ ಬೆಟ್ಟದ ಸಮೀಪಕ್ಕೆ ತಂದು ನಿಲ್ಲಿಸಿದ. ನುಗ್ಗುವ ದಂಡಿನ ಹೊಣೆ ಜನರಲ್ ಮೆಡೋಸ್‌ನದು. ಅಕ್ಟೋಬರ್ 18ರ ರಾತ್ರಿ ಬೆಳದಿಂಗಳು ಏರುವವರೆಗೆ ಕಾದು ಕುಳಿತಿದ್ದಾಗ ಕೆಳಗೆ ಸುರಂಗವಿಟ್ಟು ಮದ್ದು ತುಂಬಿದ್ದಾರಂತೆ ಎಂದು ಯಾರೋ ಪಿಸುಗುಟ್ಟಿದರು. ಇಂಗ್ಲಿಷಿನಲ್ಲಿ ಸುರಂಗಕ್ಕೂ ಗಣಿಗೂ ಒಂದೇ ಮಾತು. ಇದ್ದರೆ ಅದು ಚಿನ್ನದ ಗಣಿಯೇ ಇರಬೇಕು ಎಂದು ಮೆಡೋಸ್ ನಗಿಸಿದನೆಂಬ ಕಥೆ ಸೇನೆಯಲ್ಲಿ ಬಹುಕಾಲ ಓಡಾಡಿತು. ದಂಡು ಮೇಲೇರುತ್ತಿದ್ದಂತೆ ಕೋಟೆಯ ಮೇಲೆ ನೀಲಿ ದೀವಟಿಗೆಗಳು ಹೊತ್ತಿಕೊಂಡವು. ಫಿರಂಗಿ, ಬಂದೂಕು, ಜೊತೆಗೆ ಮೈಸೂರಿನ ಹೆಸರಾಂತ ಕಬ್ಬಿಣದ ಕೊಳವೆಯ ಬಾಣಗಳು ಒಟ್ಟಿಗೆ ಸಿಡಿದವು. ಈ ಬಾಣಗಳ ಮಾದರಿಯನ್ನೇ ಮುಂದೆ ಇಂಗ್ಲೆಂಡಿಗೆ ಒಯ್ದು, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು. ಆದರೆ ಆ ರಾತ್ರಿ ದಾಳಿಕೋರರನ್ನು ಹೆಚ್ಚು ಗಾಯಗೊಳಿಸಿದ್ದು ಬಾಣವೂ ಅಲ್ಲ, ಗುಂಡೂ ಅಲ್ಲ. ಕೋಟೆಯವರು ಮೇಲಿನಿಂದ ಉರುಳಿಸಿದ ಕಲ್ಲುಗುಂಡುಗಳು.

ಹೊರಗೋಡೆಯ ಬಿರುಕು ದಾಟಿ, ಓಡಿಹೋಗುತ್ತಿದ್ದ ಕೋಟೆಯವರನ್ನು ಅಟ್ಟಿಕೊಂಡೇ ಒಳಬಾಗಿಲಿಗೆ ತಲುಪಿದ ದಂಡು ಅದನ್ನು ಒಡೆದು ನುಗ್ಗಿತು. ಅಕ್ಟೋಬರ್ 19ರ ಬೆಳಗಿನೊಳಗೆ ನಂದಿ ಕೈಬದಲಾಗಿತ್ತು. ಕಾರ್ನ್‌ವಾಲಿಸನಿಗೆ ಈ ತಾರೀಖು ಮರೆಯುವಂಥದ್ದಲ್ಲ. ಸರಿಯಾಗಿ ಹತ್ತು ವರ್ಷ ಹಿಂದೆ, 1781ರ ಅಕ್ಟೋಬರ್ 19ರಂದು, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಅವನ ಸೇನೆ ಜಾರ್ಜ್ ವಾಷಿಂಗ್ಟನ್ನನ ಮುಂದೆ ಶಸ್ತ್ರ ಕೆಳಗಿಟ್ಟಿತ್ತು.

ಬೆಟ್ಟದ ಹೆಸರು ಮುಂದೆ ಬಹುದೂರ ಹೋಯಿತು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಯುರೋಪಿಯನ್ ದಳದ ಧ್ವಜದ ಮೇಲೆ ‘ನಂದಿದ್ರೂಗ್’ ಎಂಬ ಗೌರವಪದ ಏರಿತು. ಆ ದಳ 1881ರಲ್ಲಿ ಐರ್ಲೆಂಡಿನ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನಲ್ಲಿ ಸೇರಿಹೋಯಿತು. 1922ರಲ್ಲಿ ಆ ರೆಜಿಮೆಂಟನ್ನೇ ವಿಸರ್ಜಿಸುವವರೆಗೆ ಡಬ್ಲಿನ್ನಿನ ಹುಡುಗರು ಚಿಕ್ಕಬಳ್ಳಾಪುರದ ಬೆಟ್ಟವೊಂದರ ಹೆಸರನ್ನು ಹೊತ್ತು ತಿರುಗಿದರು.

ಎತ್ತುಗಳ ಕಥೆ ಇನ್ನೂ ವಿಚಿತ್ರ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಮೃತ ಮಹಲಿನ ಹಿಂಡು ಗೆದ್ದವರ ವಶಕ್ಕೆ ಬಂತು. ನೋಡಿಕೊಳ್ಳುವವರಿಲ್ಲದೆ ಅದು ಸೊರಗಿದಾಗ 1813ರಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಹಾರ್ವೆ ಹೊಣೆ ಹೊತ್ತು ಮತ್ತೆ ಬೆಳೆಸಿದ. ಬ್ರಿಟಿಷರ ಫಿರಂಗಿಗಳನ್ನು ಈಗ ಟಿಪ್ಪುವಿನ ತಳಿಯೇ ಎಳೆಯತೊಡಗಿತು. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲು ಇಡೀ ಹಿಂಡನ್ನು ಹರಾಜಿಗೆ ಹಾಕಿದ. ಈಜಿಪ್ಟಿನ ಪಾಷಾ ಕೂಡ ಕೊಂಡವರಲ್ಲಿ ಒಬ್ಬ. ಕೆಲವೇ ವರ್ಷಗಳಲ್ಲಿ ಸೇನೆಗೆ ಒಳ್ಳೆಯ ಎತ್ತು ಸಿಗದಂತಾಗಿ, 1866ರಲ್ಲಿ ಅದೇ ಸರ್ಕಾರ ಅಳಿದುಳಿದ ದನಗಳನ್ನು ಹುಡುಕಿ ಹಿಂಡು ಕಟ್ಟಬೇಕಾಯಿತು. ಲಾರಿಗಳು ಬಂದ ಮೇಲೆ ಸೇನೆ ಈ ದನಗಳನ್ನು ಮರೆಯಿತು. ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರ ಈಗ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ. ಅಲ್ಲಿನ ಹೋರಿಕರುಗಳನ್ನು ಹರಾಜು ಹಾಕಿದಾಗ ಕೊಳ್ಳಲು ಬರುವವರು ರೈತರು.