ಅಂಗಳವಿಲ್ಲದ ಮಸೀದಿ

ದೊಡ್ಡ ಮಸೀದಿಯೆಂದೊಡನೆ ತೆರೆದ ಅಂಗಳವೊಂದು ಕಣ್ಣಿಗೆ ಕಟ್ಟುವುದಲ್ಲವೆ? ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಅಂಗಳವೇ ಇಲ್ಲ. ಬಹಮನಿ ಸುಲ್ತಾನ ಒಂದನೆಯ ಮಹಮ್ಮದನ ಕಾಲದಲ್ಲಿ, 1367ರಲ್ಲಿ, ಇದನ್ನು ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ. ನಮ್ಮ ವಕ್ಕಲೇರಿಯ ಕಡೆ ಮಾಳಿಗೆಗೆ ಕಲ್ಲುಚಪ್ಪಡಿ ಹಾಸುವುದುಂಟು. ಇಲ್ಲಿ 216 ಅಡಿ ಉದ್ದ, 176 ಅಡಿ ಅಗಲದ ಕಟ್ಟಡವನ್ನು ಗುಮ್ಮಟಗಳೂ ಕಮಾನುಗಳೂ ಮುಚ್ಚಿವೆ. ಪಶ್ಚಿಮಕ್ಕೆ ಹಿರಿಯ ಗುಮ್ಮಟವೊಂದು, ಮೂಲೆಗಳಲ್ಲಿ ನಾಲ್ಕು, ನಡುವೆ 63 ಕಿರಿಯವು. ಹಾಗಾದರೆ ಬೆಳಕೆಲ್ಲಿಂದ? ಹೊರಸುತ್ತಿನ ಗಿಡ್ಡ ಕಂಬಗಳ ಮೇಲಿಂದ ಬಾಗಿದ ಅಗಲವಾದ ಕಮಾನುಗಳೇ ಬೆಳಕಿಗೂ ಗಾಳಿಗೂ ದಾರಿ. ಮುಂದೆ ವಿಜಯಪುರದ ಜಾಮಿ ಮಸೀದಿ ತೆರೆದ ಅಂಗಳಕ್ಕೇ ಮರಳಿತು. ರಫಿಯ ಜಾಣ್ಮೆಗೆ ಉತ್ತರಾಧಿಕಾರಿಯಿಲ್ಲ. ಇದೊಂದು ಶಿಥಿಲವಾದರೆ ಆ ವಿದ್ಯೆಯನ್ನು ಕಣ್ಣಾರೆ ಕಲಿಯಲು ನಮಗೆ ಎರಡನೆಯದಿಲ್ಲ. ಕಾಪಾಡುವ ಹೊಣೆ ಸರ್ಕಾರದ್ದಷ್ಟೇ ಅಲ್ಲ, ನೋಡುವ ನಮ್ಮದೂ ಹೌದು.