ಸೆಂಟ್ರಿಂಗ್ ಇಲ್ಲದ ಗೋಡೆ: ಗೋಳಗುಮ್ಮಟದಿಂದ ಹಲಸೂರಿನ ಅಂಚೆ ಕಚೇರಿಯವರೆಗೆ

ಬೆಂಗಳೂರಿನ ಹಲಸೂರು ಹತ್ತಿರ ಕೇಂಬ್ರಿಜ್ ಲೇಔಟ್ ಅಂತ ಒಂದು ಬಡಾವಣೆ ಇದೆ. 2023ರ ಆಗಸ್ಟ್ 18ರಂದು ಅಲ್ಲಿ ಒಂದು ಅಂಚೆ ಕಚೇರಿಯ ಉದ್ಘಾಟನೆಯಾಯಿತು. ಹೆಚ್ಚೇನಿಲ್ಲ, 1,021 ಚದರ ಅಡಿಯ ಪುಟ್ಟ ಕಟ್ಟಡ. ಆದರೂ ದೇಶದ ಎಲ್ಲ ಪತ್ರಿಕೆಗಳಲ್ಲೂ ಅದರ ಫೋಟೋ ಬಂತು. ಯಾಕೆ ಅಂದರೆ ಅದರ ಗೋಡೆಗಳನ್ನು ಇಟ್ಟಿಗೆ ಇಟ್ಟು ಕಟ್ಟಿರಲಿಲ್ಲ. ಕಂಪ್ಯೂಟರ್ ಹೇಳಿದ ಹಾದಿಯಲ್ಲಿ ಯಂತ್ರವೊಂದು ಕಾಂಕ್ರೀಟನ್ನು ಸುರುಳಿ ಸುರುಳಿಯಾಗಿ ಸುರಿದು ಎಬ್ಬಿಸಿತ್ತು. ಐಐಟಿ ಮದ್ರಾಸಿನ ತಾಂತ್ರಿಕ ಮಾರ್ಗದರ್ಶನದಲ್ಲಿ ಎಲ್ ಅಂಡ್ ಟಿ ಕಂಪನಿ ಇದನ್ನು ಕಟ್ಟಿತು. 45 ದಿನದ ಗಡುವು ಇತ್ತು, 43 ದಿನದಲ್ಲಿ ಮುಗಿಯಿತು. ಖರ್ಚು ಸುಮಾರು 23 ಲಕ್ಷ ರೂಪಾಯಿ. ದೇಶದ ಮೊದಲ ತ್ರೀ-ಡಿ ಮುದ್ರಿತ ಅಂಚೆ ಕಚೇರಿ ಎಂಬ ಹೆಸರೂ ಬಂತು.

ಪತ್ರಿಕೆಗಳು ಬರೆದದ್ದೆಲ್ಲ ವೇಗದ ಬಗ್ಗೆ, ಉಳಿದ ದುಡ್ಡಿನ ಬಗ್ಗೆ. ನನಗೆ ಮಾತ್ರ ಬೇರೆಯೇ ಒಂದು ವಿಷಯ ತಲೆಗೆ ಹತ್ತಿತು. ನಾನು ಹುಕ್ಕೇರಿ ತಾಲ್ಲೂಕಿನ ಕಣಗಲಾದವನು. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಊರು, ಹೊರಗಿನವರಿಗೆ ಲೇಟೆಕ್ಸ್ ಕಾರ್ಖಾನೆಯಿಂದಾಗಿ ಗೊತ್ತು. ನಮ್ಮ ಕಡೆಯ ಹಳೆಯ ಮಣ್ಣಿನ ಗೋಡೆಗಳನ್ನು ಹೇಗೆ ಎಬ್ಬಿಸುತ್ತಿದ್ದರು ಗೊತ್ತಲ್ಲ? ಮಣ್ಣನ್ನು ನೀರು ಹಾಕಿ ಕೊಳೆಸಿ, ತುಳಿದು ಹದ ಮಾಡಿ, ಒಂದು ಥರ ಇಡುವುದು. ಅದು ಬಿಗಿಯಾಗುವವರೆಗೆ ಕಾಯುವುದು. ಆಮೇಲೆ ಅದರ ಮೇಲೆ ಇನ್ನೊಂದು ಥರ. ಹಲಗೆ ಇಲ್ಲ, ಅಚ್ಚು ಇಲ್ಲ. ಯಂತ್ರವನ್ನು ಬದಿಗಿಟ್ಟು ನೋಡಿದರೆ ಹಲಸೂರಿನಲ್ಲಿ ಆದದ್ದೂ ಇದೇ! ಹೊಸದು ಅಂತ ನಾವು ಬೆರಗಾಗುವ ಈ ವಿದ್ಯೆಯ ಅರ್ಧ ಚರಿತ್ರೆ ನಮ್ಮ ಸುತ್ತಮುತ್ತಲೇ ಇದೆ.

ಇನ್ನೂ ದೊಡ್ಡ ಉದಾಹರಣೆ ಬೇಕಾದರೆ ವಿಜಯಪುರಕ್ಕೆ ಹೋಗಿ. ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟ 1656ರ ಹೊತ್ತಿಗೆ ಎದ್ದು ನಿಂತದ್ದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ವಿಜಯಪುರದ ಕಟ್ಟಡಗಳನ್ನು ಅಳೆದು 1916ರಲ್ಲಿ ದೊಡ್ಡ ಗ್ರಂಥ ಬರೆದ ಹೆನ್ರಿ ಕಸಿನ್ಸ್ ಈ ಗುಮ್ಮಟವನ್ನು ನೋಡಿ ಒಂದು ಮಾತು ಹೇಳಿದ್ದಾನೆ. ಇದು ಇಟ್ಟಿಗೆ ಮತ್ತು ದಪ್ಪ ಗಚ್ಚಿನ ಮಟ್ಟಸವಾದ ಸುತ್ತುಗಳಿಂದ ಆದದ್ದು, ಹೆಚ್ಚುಕಡಿಮೆ ಒಂದೇ ಕಾಂಕ್ರೀಟ್ ಚಿಪ್ಪಿನ ಹಾಗೆ, ನೆತ್ತಿಯ ಭಾಗ ಬಿಟ್ಟರೆ ಕೆಳಗೆ ಆಧಾರದ ಅಟ್ಟಣಿಗೆ ಬೇಕಾಗಿರಲಾರದು ಎಂಬುದು ಅವನ ಅಭಿಪ್ರಾಯದ ಸಾರ. ಪ್ರತಿ ಸುತ್ತು ಕೆಳಗಿನ ಸುತ್ತಿಗಿಂತ ತುಸುವೇ ಒಳಗೆ ಚಾಚುತ್ತದೆ. ಚಾಚು ಸಣ್ಣದಿದ್ದರೆ ಸುತ್ತು ತಾನೇ ನಿಲ್ಲುತ್ತದೆ, ಹೆಚ್ಚಾದರೆ ಬೀಳುತ್ತದೆ. ಇವತ್ತಿನ ಮುದ್ರಣ ಯಂತ್ರಕ್ಕೂ ಇದೇ ಲೆಕ್ಕ, ಇದೇ ಮಿತಿ.

ಹಾಗಾದರೆ ನಡುವೆ ಈ ಸೆಂಟ್ರಿಂಗ್ ಎಲ್ಲಿಂದ ಬಂತು?

ಅದು ಬಂದದ್ದು ಸಿಮೆಂಟಿನ ಬೆನ್ನಿಗೆ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. 1892ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಎನೆಬಿಕ್ ಕಬ್ಬಿಣದ ಸರಳು ಹಾಕಿದ ತೊಲೆ, ಕಂಬ, ಚಾವಣಿಗಳ ಪದ್ಧತಿಗೆ ಪೇಟೆಂಟ್ ಪಡೆದ. ಉಸುಕು, ಖಡಿ, ಸಿಮೆಂಟು, ನೀರು ಕಲಸಿದ್ದು ನೀರಿನ ಹಾಗೆಯೇ ಹರಿಯುವ ವಸ್ತು. ಅದಕ್ಕೆ ಪಾತ್ರೆ ಬೇಕು. ಅಂದರೆ ಕಾಂಕ್ರೀಟಿನ ಪ್ರತಿ ಕಟ್ಟಡಕ್ಕೂ ಮೊದಲು ಒಂದು ಕಟ್ಟಿಗೆಯ ಕಟ್ಟಡ ಕಟ್ಟಬೇಕು, ಆಮೇಲೆ ಅದನ್ನು ಕಿತ್ತು ಹಾಕಬೇಕು! ಕಟ್ಟಿಗೆ ನೆಟ್ಟಗಿರುವುದರಿಂದ ಕಟ್ಟಡವೂ ನೆಟ್ಟಗಾಯಿತು. ನಮ್ಮ ಊರುಗಳೆಲ್ಲ ಇವತ್ತು ಪೆಟ್ಟಿಗೆ ಜೋಡಿಸಿಟ್ಟ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಕಾಂಕ್ರೀಟಿಗೆ ಬಾಗುವುದು ಕಷ್ಟವಲ್ಲ, ಬಾಗಿದ ಅಚ್ಚು ಮಾಡುವುದು ದುಬಾರಿ.

ಬಾಗಿಸಿದವರೂ ಇದ್ದರು. ಮೆಕ್ಸಿಕೋದ ಫೆಲಿಕ್ಸ್ ಕಂದೇಲಾ 1958ರಲ್ಲಿ ಹೂವಿನ ಎಸಳುಗಳಂಥ ತೆಳ್ಳನೆಯ ಕಾಂಕ್ರೀಟ್ ಚಾವಣಿಯ ಹೋಟೆಲೊಂದನ್ನು ಮೆಕ್ಸಿಕೋ ನಗರದ ಸೋಚಿಮಿಲ್ಕೋದಲ್ಲಿ ಕಟ್ಟಿದ. ಆದರೆ ಅದರ ಅಚ್ಚಿಗೆ ಬೇಕಾದದ್ದು ಬಡಿಗರ ಕೈ. ಮುಂದೆ ಅಲ್ಲಿ ಕೂಲಿ ಏರಿದ ಹಾಗೆ ಅಂಥ ಚಿಪ್ಪುಗಳನ್ನು ಕಟ್ಟುವುದೇ ನಿಂತುಹೋಯಿತು.

ಅಚ್ಚಿನ ಕಾಟ ತಪ್ಪಿಸಲು ಥಾಮಸ್ ಎಡಿಸನ್ ಕೂಡ ಒದ್ದಾಡಿದ್ದ. ಇಡೀ ಮನೆಯನ್ನು ಒಂದೇ ಸಲಕ್ಕೆ ಎರಕ ಹೊಯ್ಯುವುದು ಅವನ ಯೋಚನೆ. 1908ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1917ರಲ್ಲಿ ಸಿಕ್ಕಿತು. ಆದರೆ ಅವನ ಕಬ್ಬಿಣದ ಅಚ್ಚಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ತುಂಡುಗಳಿದ್ದವು! ಅದನ್ನು ಕೊಳ್ಳುವ ಗುತ್ತಿಗೆದಾರ ಬೇಕಲ್ಲ? ಕೆಲವು ಮನೆಗಳು ಎದ್ದವು, ಯೋಜನೆ ಮುಗ್ಗರಿಸಿತು. ಸರಿಯಾದ ದಾರಿ ಹಿಡಿದವನು ಅಮೆರಿಕದ ಇಂಡಿಯಾನಾ ರಾಜ್ಯದ ವಿಲಿಯಂ ಉರ್ಶೆಲ್. ಅವನು ಅಚ್ಚನ್ನೇ ಬಿಟ್ಟ. ನಡುವೆ ಒಂದು ಕಂಬ, ಅದಕ್ಕೆ ತೋಳು, ತೋಳಿನ ತುದಿಯ ಯಂತ್ರ ಸುತ್ತುತ್ತ ಗಟ್ಟಿ ಗಾರೆಯನ್ನು ಒತ್ತಿ ಒತ್ತಿ ದುಂಡು ಗೋಡೆ ಎಬ್ಬಿಸುತ್ತಿತ್ತು. ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1944ರಲ್ಲಿ. ಆಗಿನ್ನೂ ರೋಬೋಟ್‌ಗಳು ಕಾರ್ಖಾನೆಗೆ ಬಂದಿರಲಿಲ್ಲ. ಯೂನಿಮೇಟ್ ಎಂಬ ಮೊದಲ ಕಾರ್ಖಾನೆ ರೋಬೋಟ್ ಜನರಲ್ ಮೋಟಾರ್ಸ್‌ನಲ್ಲಿ ಕೆಲಸಕ್ಕೆ ನಿಂತದ್ದು 1961ರಲ್ಲಿ. ಮುಂದೆ 1990ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಹ್ರೊಕ್ ಖೊಶ್ನೆವಿಸ್ ಯಂತ್ರದ ಕೊಳವೆಯನ್ನು ಕಂಪ್ಯೂಟರಿಗೆ ಜೋಡಿಸಿದರು. ಅಲ್ಲಿಂದ ಮುಂದಿನದು ನಾವು ಕಾಣುತ್ತಿರುವ ಕಥೆ.

ಇದನ್ನೆಲ್ಲ ನಮ್ಮ ಓಣಿಯ ಹಿರಿಯ ಗೌಂಡಿ ಕಾಕಾನಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿ ಹೇಳಿದೆ. ಕಾಕಾ ಕೇಳಿದ್ದು ಮೂರೇ ಪ್ರಶ್ನೆ. ಇಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದೂ ಆ ಮೂರಕ್ಕೇ!

"ಹಸಿ ಗಾರಿ ಮ್ಯಾಲ ಹಸಿ ಗಾರಿ ಇಟ್ರ ಕುಸಿಯಂಗಿಲ್ಲೇನು, ತಮ್ಮಾ?" ಕುಸಿಯುತ್ತದೆ. ಅದಕ್ಕೇ ಮಾಮೂಲು ಕಾಂಕ್ರೀಟ್ ಇಲ್ಲಿ ನಡೆಯುವುದಿಲ್ಲ. ಕೊಳವೆಯೊಳಗೆ ಹರಿಯಬೇಕು, ಹೊರಗೆ ಬಿದ್ದೊಡನೆ ನಿಲ್ಲಬೇಕು, ಟೂತ್‌ಪೇಸ್ಟ್ ಹಾಗೆ. ದಪ್ಪ ಖಡಿ ಕೊಳವೆಯಲ್ಲಿ ಹಾಯುವುದಿಲ್ಲ, ಹಾಗಾಗಿ ಸಣ್ಣ ಕಣಗಳ ಮಿಶ್ರಣ. ಜತೆಗೆ ಬೇಗ ಬಿಗಿಯುವಂತೆ ಮಾಡುವ ರಾಸಾಯನಿಕ.

"ಥರಕ್ಕ ಥರ ಹಿಡಿತೈತೇನು?" ಇದು ಇನ್ನೂ ಸೂಕ್ಷ್ಮ. ಅವಸರ ಮಾಡಿದರೆ ಕೆಳಗಿನ ಥರ ಜಜ್ಜಿಹೋಗುತ್ತದೆ. ತಡ ಮಾಡಿದರೆ ಅದು ಒಣಗಿ ಮೇಲಿನದನ್ನು ಹಿಡಿಯುವುದಿಲ್ಲ, ಅಲ್ಲೇ ಸೀಳು. ಈ ಎರಡರ ನಡುವಿನ ಹೊತ್ತನ್ನು ಹಿಡಿಯುವುದೇ ಇಡೀ ವಿದ್ಯೆ. ಬಿಸಿಲು ಹೆಚ್ಚಾದರೆ ಆ ಹೊತ್ತೂ ಬದಲಾಗುತ್ತದೆ. ಮಣ್ಣಿನ ಗೋಡೆ ಇಡುವವರು ಇದನ್ನು ಹೆಬ್ಬೆರಳು ಒತ್ತಿ ತಿಳಿಯುತ್ತಿದ್ದರು.

"ಕಬ್ಬಣ ಯಾವಾಗ ಕಟ್ತಾರ?" ಕಾಂಕ್ರೀಟು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಸುರಿಯುತ್ತಿರುವ ಗೋಡೆಯಲ್ಲಿ ಸರಳು ನಿಲ್ಲಿಸಿದರೆ ಕೊಳವೆಗೆ ಅಡ್ಡ. ಬಹಳ ಕಡೆ ಗೋಡೆಯನ್ನು ಟೊಳ್ಳಾಗಿ ಮುದ್ರಿಸಿ, ಆ ಪೊಳ್ಳಿನಲ್ಲಿ ಸರಳು ಇಳಿಸಿ, ಮಾಮೂಲು ಕಾಂಕ್ರೀಟ್ ತುಂಬುತ್ತಾರೆ.

ಎಲ್ಲ ಕೇಳಿ ಕಾಕಾ, "ಅಂದ್ರ ಗೋಡಿ ಅಷ್ಟ ಮಿಶಿನ್ನಿಂದು. ಪಾಯಾ, ಕಬ್ಬಣ, ಬಾಗಲಾ, ಎಲ್ಲಾ ನಮ್ದ" ಅಂದರು. ಬಹುತೇಕ ಕಡೆ ಇವತ್ತಿನ ಸ್ಥಿತಿ ಅದೇ.

ಹಾಗಾದರೆ ಲಾಭ ಏನು? ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡದು ಆಕಾರ. ಕೊಳವೆಗೆ ನೆಟ್ಟಗೆ ಹೋಗುವುದೂ ಒಂದೇ, ಡೊಂಕಾಗಿ ಹೋಗುವುದೂ ಒಂದೇ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯವರು 2019ರಲ್ಲಿ ರಿಯೋಮ್ ಎಂಬ ಹಳ್ಳಿಯ ರಂಗೋತ್ಸವಕ್ಕೆ 9 ಕಂಬ ಮುದ್ರಿಸಿದರು. ಒಂದೊಂದೂ 2.7 ಮೀಟರ್ ಎತ್ತರ, ಒಂದರ ಹಾಗೆ ಇನ್ನೊಂದಿಲ್ಲ, ಒಂದಕ್ಕೆ ಸುಮಾರು ಎರಡೂವರೆ ಗಂಟೆ. 2025ರ ಮೇ ತಿಂಗಳಲ್ಲಿ ಅದೇ ಸೀಮೆಯ ಮುಲೆನ್ಸ್ ಎಂಬ ಊರಲ್ಲಿ 30 ಮೀಟರ್ ಎತ್ತರದ 'ಟೋರ್ ಆಲ್ವಾ' ಗೋಪುರ ಉದ್ಘಾಟನೆಯಾಯಿತು. ಜನ ಬಿಟ್ಟುಹೋಗಿ ಬೆರಳೆಣಿಕೆಯಷ್ಟು ಮಂದಿ ಉಳಿದ ಊರದು. ಅಲ್ಲಿ ಒಂದು ರೋಬೋಟ್ ಕಾಂಕ್ರೀಟ್ ಸುರಿದರೆ ಇನ್ನೊಂದು ಥರಗಳ ನಡುವೆ ಕಬ್ಬಿಣದ ಬಳೆ ಇಡುತ್ತಿತ್ತು. ಕಾಕಾನ ಮೂರನೇ ಪ್ರಶ್ನೆಗೆ ಅದೊಂದು ಉತ್ತರ. ನಮ್ಮ ಪಕ್ಕದ ತೆಲಂಗಾಣದ ಸಿದ್ಧಿಪೇಟೆ ಹತ್ತಿರವೂ 2023ರಲ್ಲಿ ಮುದ್ರಿತ ದೇವಸ್ಥಾನವೊಂದು ಸಿದ್ಧವಾಯಿತು. ಗಣಪತಿಯ ಗುಡಿ ಮೋದಕದ ಆಕಾರ, ಪಾರ್ವತಿಯ ಗುಡಿ ಕಮಲದ ಆಕಾರ!

ಕಂಬ ಅಂದಾಗ ನೆನಪಾಯಿತು. ಬೆಳಗಾವಿ ಕೋಟೆಯ ಕಮಲ ಬಸದಿ ನೋಡಿದ್ದೀರಾ? ರಟ್ಟರ ಕಾಲದ್ದು, 1204ರದು. ಒಳಗಿನ ಕಂಬಗಳು ತಿರುಗಣಿಯಲ್ಲಿ ಕಡೆದ ಹಾಗೆ ನುಣುಪು. ಕಲ್ಯಾಣ ಚಾಲುಕ್ಯರ ಕಾಲದಿಂದಲೇ ನಮ್ಮ ನಾಡಿನಲ್ಲಿ ಇಂಥ ಕಂಬಗಳ ಪರಂಪರೆ ಇದೆ. ಅಂದರೆ ಕಟ್ಟಡ ಕಲೆಗೆ ಯಂತ್ರ ಬಂದದ್ದು ನಿನ್ನೆ ಮೊನ್ನೆಯಲ್ಲ. ಆದರೆ ತಿರುಗಣಿ ಬಂತು ಅಂತ ಶಿಲ್ಪಿ ಮನೆಗೆ ಹೋಗಲಿಲ್ಲ. ದುಂಡು ಭಾಗ ತಿರುಗಣಿಯದು, ಬಳ್ಳಿ, ಹೂವು, ಮೂರ್ತಿ ಉಳಿಯದು. ಯಂತ್ರ ಅವನ ಕೈಗೆ ಇನ್ನೊಂದು ಉಪಕರಣವಾಯಿತು.

ಈಗಲೂ ಹಾಗೇ ಆಗುತ್ತದೆಯೇ? ಇದೇ ನನ್ನ ಚಿಂತೆ. ನಮ್ಮ ಕಡೆಯಿಂದ ಎಷ್ಟೋ ಗೌಂಡಿಗಳು ಥಾಪಿ ಹಿಡಿದು ಬೆಳಗಾವಿ, ಕೊಲ್ಹಾಪುರ, ಗೋವಾಕ್ಕೆ ಹೋಗುತ್ತಾರೆ. ಮುದ್ರಣ ಯಂತ್ರದ ಸುತ್ತ ಬೇಕಾದ ತಿಳಿವಳಿಕೆ, ಅಂದರೆ ಗಾರೆಯ ಹದ, ಬಿಸಿಲಿನ ಲೆಕ್ಕ, ಥರದ ಹಿಡಿತ, ಎಲ್ಲ ಅವರ ಬಳಿ ಇದೆ. ಇಲ್ಲದ್ದು ಕಂಪ್ಯೂಟರ್ ಮಾತ್ರ. ಅದನ್ನು ಕಲಿಸಬಹುದು, ಹೆಬ್ಬೆರಳಿನ ಅಳತೆಯನ್ನು ಕಲಿಸುವುದು ಕಷ್ಟ. ಇನ್ನೊಂದು ಮಾತು: ಈ ಮಿಶ್ರಣಕ್ಕೆ ಸಾಮಾನ್ಯವಾಗಿ ಸಿಮೆಂಟು ಹೆಚ್ಚು ಬೇಕು, ಸಿಮೆಂಟ್ ಸುಡುವ ಹೊಗೆ ಲೋಕಕ್ಕೆ ಈಗಾಗಲೇ ಹೊರೆ. ಹಾಗಾಗಿ ಪೆಟ್ಟಿಗೆಯಂಥ ಮನೆಗಳನ್ನೇ ಇನ್ನಷ್ಟು ಬೇಗ ಸುರಿಯುವುದಾದರೆ ಗಳಿಸಿದ್ದು ಕಡಿಮೆ. ಎಲ್ಲಿ ಆಕಾರದಿಂದ ಸಾಮಾನು ಉಳಿಯುತ್ತದೋ, ಗಾಳಿ ನೆರಳು ಸಿಗುತ್ತದೋ, ಅಲ್ಲಿ ಇದಕ್ಕೆ ಅರ್ಥವಿದೆ.

ಐಟಿಐಗಳಲ್ಲಿ ಈ ಯಂತ್ರದ ತರಬೇತಿ ಶುರುವಾಗುವ ದಿನ ಮೊದಲ ಬೆಂಚಿನಲ್ಲಿ ಗೌಂಡಿಗಳ ಮಕ್ಕಳು ಕೂತಿರಬೇಕು. ಪಾಠ ಹೇಳುವವರ ಪಕ್ಕದಲ್ಲಿ ನಮ್ಮ ಕಾಕಾನಂಥವರಿಗೂ ಒಂದು ಕುರ್ಚಿ ಹಾಕಿರಬೇಕು. ನೀವೇನಂತೀರಿ?