ಅಂಗೈಯಗಲದ ಭಾವಚಿತ್ರಗಳು

ಭಾವಚಿತ್ರವೆಂಬುದು ಬಹುಕಾಲ ಸಿರಿವಂತರ ಸೊತ್ತಾಗಿತ್ತು. ಚಿತ್ರಗಾರನನ್ನು ಕರೆಯಿಸಿ, ದಿನಗಟ್ಟಲೆ ಅವನೆದುರು ಕುಳಿತು, ಅವನ ಸಂಭಾವನೆಯನ್ನು ಸಲ್ಲಿಸಬಲ್ಲವರ ಮುಖಗಳು ಮಾತ್ರವೇ ಮುಂದಿನ ತಲೆಮಾರಿಗೆ ಉಳಿಯುತ್ತಿದ್ದುವು. ಮಿಕ್ಕವರ ರೂಪವು ಕಂಡವರ ನೆನಪಿನೊಡನೆಯೇ ಅಳಿಯುತ್ತಿತ್ತು. ೧೮೩೯ರಲ್ಲಿ ಫ್ರಾನ್ಸಿನ ದಾಗೇರ್ ಎಂಬವನ ಛಾಯಾಗ್ರಹಣ ವಿಧಾನವು ಪ್ರಕಟವಾದ ಮೇಲೂ ಈ ಸ್ಥಿತಿ ಪೂರ್ತಿಯಾಗಿ ನೀಗಲಿಲ್ಲ. ಬೆಳ್ಳಿಯ ಲೇಪವುಳ್ಳ ತಗಡೊಂದಕ್ಕೆ ಒಂದೇ ಚಿತ್ರ; ಅದಕ್ಕೆ ಪ್ರತಿ ತೆಗೆಯುವ ಸುಲಭೋಪಾಯವಿರಲಿಲ್ಲ.

ಈ ಕಟ್ಟನ್ನು ಮುರಿದವನು ಪ್ಯಾರಿಸಿನ ದಿಸ್ದೇರಿ. ೧೮೫೪ರ ನವೆಂಬರಿನಲ್ಲಿ ಅವನು ಪಡೆದ ಪೇಟೆಂಟಿನ ಮರ್ಮವು ಬಹು ಸರಳವಾದುದು. ಹಲವು ಮಸೂರಗಳುಳ್ಳ ಕ್ಯಾಮರಾ. ಅದರೊಳಗೆ ಪಕ್ಕಕ್ಕೆ ಸರಿಯುವ ಗಾಜಿನ ಫಲಕ. ಹೀಗೆ ಒಂದೇ ಫಲಕದ ಮೇಲೆ ಸಾಮಾನ್ಯವಾಗಿ ಎಂಟು ಚಿತ್ರಗಳು ಮೂಡುತ್ತಿದ್ದುವು. ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿದ ಕಾಗದದ ಮೇಲೆ ಅವನ್ನು ಇಳಿಸಿ, ಕತ್ತರಿಸಿ, ನಾಲ್ಕು ಅಂಗುಲ ಉದ್ದ, ಎರಡೂವರೆ ಅಂಗುಲ ಅಗಲದ ರಟ್ಟಿಗೆ ಅಂಟಿಸಿದರೆ ಕೆಲಸ ಮುಗಿಯಿತು. ಭೇಟಿಗೆ ಹೋದವರು ಒಳಗೆ ಕಳುಹಿಸುವ ಹೆಸರಿನ ಚೀಟಿಯ ಅಳತೆಯದಾದುದರಿಂದ ಇದಕ್ಕೆ ‘ಕಾರ್ತ್ ದ ವಿಸೀತ್’ ಎಂಬ ಹೆಸರಾಯಿತು. ಆ ಚೀಟಿಯ ಬದಲಿಗೆ ಇದನ್ನು ಬಳಸಿದವರು ವಿರಳ; ಹೆಸರು ಮಾತ್ರ ನಿಂತಿತು. ೧೮೫೯ರಲ್ಲಿ ಮೂರನೆಯ ನೆಪೋಲಿಯನ್ನನು ಇಟಲಿಯ ಯುದ್ಧಕ್ಕೆ ಹೊರಟಾಗ ದಾರಿಯಲ್ಲಿ ಸೈನ್ಯವನ್ನು ನಿಲ್ಲಿಸಿ ದಿಸ್ದೇರಿಯ ಚಿತ್ರಶಾಲೆಯನ್ನು ಹೊಕ್ಕನೆಂದು ಕಥೆಯೊಂದುಂಟು. ವರ್ತಕನಿಗೆ ಇಷ್ಟು ಅನುಕೂಲವಾದ ಕಥೆಯನ್ನು ನಂಬುವುದು ಕಷ್ಟ.

ಇಂಗ್ಲೆಂಡಿನಲ್ಲಿ ಈ ಹುಚ್ಚು ಹೊತ್ತಿಕೊಂಡುದು ೧೮೬೦ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಮೇಯಾಲ್ ಎಂಬ ಛಾಯಾಗ್ರಾಹಕನು ವಿಕ್ಟೋರಿಯಾ ರಾಣಿಯ ಮತ್ತು ಆಕೆಯ ಕುಟುಂಬದವರ ಪಟಗಳನ್ನು ಅಪ್ಪಣೆ ಪಡೆದು ಮಾರಾಟಕ್ಕಿಟ್ಟನು. ಸಿಂಹಾಸನವಿಲ್ಲ, ಕಿರೀಟವಿಲ್ಲ; ಪತಿಯ ಪಕ್ಕದಲ್ಲಿರುವ ಗೃಹಿಣಿಯಂತೆ ರಾಣಿ. ಪ್ರಜೆಗಳು ಮುಗಿಬಿದ್ದು ಕೊಂಡರು. ಮರುವರ್ಷ ಡಿಸೆಂಬರಿನಲ್ಲಿ ರಾಜಪತಿ ಆಲ್ಬರ್ಟನು ತೀರಿಕೊಂಡಾಗ ಒಂದು ವಾರದೊಳಗೆ ಅವನ ೭೦,೦೦೦ ಪಟಗಳಿಗೆ ಬೇಡಿಕೆ ಬಂದಿತೆಂದು ಹೇಳುತ್ತಾರೆ. ಹಿತ್ತಾಳೆಯ ಕೊಂಡಿಯಿದ್ದ ದಪ್ಪ ಆಲ್ಬಮ್ಮುಗಳು ಮನೆಮನೆಯ ನಡುಕೋಣೆಯ ಮೇಜನ್ನೇರಿದುವು. ಅವುಗಳಲ್ಲಿ ಅತ್ತೆ ಸೋದರಮಾವಂದಿರ ನೆರೆಯಲ್ಲಿಯೇ ಡಿಕನ್ಸನೂ ಡಾರ್ವಿನ್ನನೂ, ಬಿಷಪ್ಪರೂ ನಟಿಯರೂ ನೆಲಸಿದರು. ರಾಣಿಯೂ ಸ್ವತಃ ಇಂತಹ ಪಟಗಳನ್ನು ಆಸಕ್ತಿಯಿಂದ ಕೂಡಿಹಾಕುತ್ತಿದ್ದಳು.

ಚಿತ್ರಶಾಲೆಯ ಒಳಗಿನ ಸಂಭ್ರಮವು ನಗೆ ತರಿಸುವಂತಹದು. ಕುಳಿತವರ ತಲೆ ಅಲುಗದಂತೆ ಹಿಂದುಗಡೆ ಕಬ್ಬಿಣದ ಆನಿಕೆ. ಪಕ್ಕದಲ್ಲಿ ಜರತಾರಿ ಪರದೆ. ರತ್ನಗಂಬಳಿಯ ಮೇಲೆಯೇ ಎದ್ದುನಿಂತ ಹುಸಿ ಕಲ್ಲುಗಂಬ! ಅರಮನೆಯನ್ನು ಹೊರಗಿನಿಂದಲೂ ಕಾಣದ ಗುಮಾಸ್ತನು ಆ ಕಂಬಕ್ಕೆ ಮೊಳಕೈಯೂರಿ ನಿಂತು ಅರೆಗಳಿಗೆ ಪ್ರಭುವಾಗುತ್ತಿದ್ದನು. ಇದನ್ನು ಹಾಸ್ಯಮಾಡಿದವರು ಆಗಲೂ ಇದ್ದರು. ಆದರೆ ಅವನ ಮೊಮ್ಮಕ್ಕಳಿಗೆ ಅಜ್ಜನ ಮುಖವು ದೊರೆತುದು ಆ ಹುಸಿ ಕಂಬದ ದೆಸೆಯಿಂದಲೇ.

ಮುಖವು ಅಂಗಡಿಯ ಸರಕಾದ ಮೇಲೆ ಅದರ ಒಡೆಯನಾರೆಂಬ ಪ್ರಶ್ನೆಯು ಏಳದೆ ಇರದು. ೧೮೬೨ರಲ್ಲಿ ಇಂಗ್ಲೆಂಡಿನ ಶಾಸನವು ಛಾಯಾಚಿತ್ರಗಳಿಗೂ ಗ್ರಂಥಸ್ವಾಮ್ಯದಂತಹ ಹಕ್ಕನ್ನು ಕೊಟ್ಟಿತು. ಹಣ ಕೊಡದೆ ಕುಳಿತ ಖ್ಯಾತನಾಮರ ಪಟದ ಹಕ್ಕು ಛಾಯಾಗ್ರಾಹಕನದು, ಲಾಭವೂ ಅವನದು. ಇದೇ ಪ್ರಶ್ನೆಗೆ ಅಮೆರಿಕದಲ್ಲಿ ಮುದುಕಿಯೊಬ್ಬಳು ಕೊಟ್ಟ ಉತ್ತರವು ಬೇರೆ. ಸೊಜರ್ನರ್ ಟ್ರೂತ್ ಎಂಬ ಈಕೆ ನ್ಯೂಯಾರ್ಕ್ ಸಂಸ್ಥಾನದಲ್ಲಿ ಗುಲಾಮಳಾಗಿ ಹುಟ್ಟಿದವಳು, ಹಲವು ಬಾರಿ ಮಾರಾಟವಾದವಳು, ಓದುಬರಹವನ್ನು ಅರಿಯದವಳು. ಬಿಡುಗಡೆ ಹೊಂದಿ, ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಭಾಷಣ ಮಾಡುತ್ತಿದ್ದ ಆಕೆ ೧೮೬೪ರಲ್ಲಿ ತನ್ನ ಪಟದ ಹಕ್ಕನ್ನು ತನ್ನ ಹೆಸರಿಗೇ ದಾಖಲು ಮಾಡಿಸಿಕೊಂಡಳು. ಬಿಳಿಯ ಕುಲಾವಿ, ಶಾಲು, ಕೈಯಲ್ಲಿ ಹೆಣಿಗೆಯ ನೂಲು. ಇವೇ ಆಕೆಯ ಅಲಂಕಾರ. ಮೈಯನ್ನು ಸಲಹುವುದಕ್ಕಾಗಿ ನೆರಳನ್ನು ಮಾರುತ್ತಿರುವೆನೆಂಬ ಅರ್ಥದ ಮಾತನ್ನು ಪಟದ ಕೆಳಗೆ ಅಚ್ಚುಹಾಕಿಸಿದ್ದಳು. ಒಮ್ಮೆ ಇತರರು ಆಕೆಯ ದೇಹವನ್ನೇ ಮಾರಿದ್ದರು. ಈಗ ಆಕೆ ತಾನೇ ಬೆಲೆ ಕಟ್ಟಿ ಬರಿಯ ನೆರಳನ್ನು ಮಾರಿದಳು.

ಅದೇ ಅಂತರ್ಯುದ್ಧದ ಕಾಲದಲ್ಲಿ, ೧೮೬೩ರ ಜುಲೈ ತಿಂಗಳಲ್ಲಿ, ಗೆಟಿಸ್‌ಬರ್ಗಿನ ರಣಾಂಗಣದಲ್ಲಿ ಗುರುತಿಲ್ಲದ ಸೈನಿಕನೊಬ್ಬನ ಹೆಣ ಸಿಕ್ಕಿತು. ಕೈಯಲ್ಲಿ ಮೂವರು ಮಕ್ಕಳ ಗಾಜಿನ ಪಟ. ಪತ್ರಿಕೆಗಳಿಗೆ ಚಿತ್ರ ಮುದ್ರಿಸುವ ಸೌಕರ್ಯವಿರಲಿಲ್ಲವಾಗಿ ಮಕ್ಕಳ ವರ್ಣನೆಯನ್ನು ಮಾತಿನಲ್ಲಿಯೇ ಪ್ರಕಟಿಸಿದರು. ಅದನ್ನು ಓದಿ ಶಂಕೆಗೊಂಡ ತಾಯಿಯೊಬ್ಬಳಿಗೆ ಪಟದ ಸಣ್ಣ ಪ್ರತಿಯನ್ನು ಕಳುಹಿಸಲಾಯಿತು. ಅವರು ಆಕೆಯ ಮಕ್ಕಳೇ. ಸತ್ತವನು ಆಕೆಯ ಪತಿ ಎಮಸ್ ಹ್ಯೂಮಿಸ್ಟನ್. ಮುಂದೆ ಆ ಪಟದ ಪ್ರತಿಗಳನ್ನು ಮಾರಿ, ಸೈನಿಕರ ಅನಾಥ ಮಕ್ಕಳಿಗಾಗಿ ಹಣ ಕೂಡಿಸಿ, ೧೮೬೬ರಲ್ಲಿ ಅದೇ ಊರಿನಲ್ಲಿ ಆಶ್ರಮವನ್ನು ತೆರೆದರು. ಮಕ್ಕಳನ್ನು ಅಲ್ಲಿ ಹಿಂಸಿಸುವರೆಂಬ ಅಪಕೀರ್ತಿ ಹೊತ್ತು ಆ ಆಶ್ರಮವು ೧೮೭೭ರಲ್ಲಿ ಮುಚ್ಚಿತು. ಮೂರು ಎಳೆಯ ಮುಖಗಳು ದುಡಿದು ತಂದ ಹಣದ ಗತಿ ಹೀಗಾಯಿತು.

೧೮೬೬ರ ಸುಮಾರಿಗೆ ಇದಕ್ಕಿಂತ ದೊಡ್ಡ ಅಳತೆಯ ಕ್ಯಾಬಿನೆಟ್ ಪಟಗಳು ಬಳಕೆಗೆ ಬಂದು ಹಳೆಯ ಹುಚ್ಚು ಇಳಿಮುಖವಾಯಿತು. ದಿಸ್ದೇರಿ ಗಳಿಸಿದುದನ್ನೆಲ್ಲ ಕಳೆದುಕೊಂಡು ೧೮೮೯ರಲ್ಲಿ ಬಡವನಾಗಿಯೇ ಸತ್ತನು. ಆದರೆ ಲಂಡನ್ನಿನ ಕಾಮಿಲ್ ಸಿಲ್ವಿ ಎಂಬ ಫ್ರೆಂಚ್ ಛಾಯಾಗ್ರಾಹಕನ ದಿನವಹಿಗಳು ಅಲ್ಲಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಉಳಿದುಬಂದಿವೆ. ಸುಮಾರು ೧೭,೦೦೦ ಬಾರಿ ನಡೆದ ಚಿತ್ರಗ್ರಹಣದ ಲೆಕ್ಕ ಅವುಗಳಲ್ಲಿದೆ. ಪಶ್ಚಿಮ ಆಫ್ರಿಕದಲ್ಲಿ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೆರೆಯಾಗಿ, ೧೮೫೦ರಲ್ಲಿ ದಹೋಮಿಯ ಅರಸನಿಂದ ವಿಕ್ಟೋರಿಯಾ ರಾಣಿಗೆ ಕಾಣಿಕೆಯೆಂದು ಕೊಡಲ್ಪಟ್ಟ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬಾಕೆಯೂ ೧೮೬೨ರಲ್ಲಿ, ಮದುವೆಯಾದ ವರ್ಷವೇ, ಅಲ್ಲಿಗೆ ಬಂದು ಪತಿಯೊಡನೆ ಪಟ ತೆಗೆಸಿಕೊಂಡಳು. ಡ್ಯೂಕರ, ಪ್ರಭುಪತ್ನಿಯರ ಪಟಗಳಿರುವ ಆ ಸಂಪುಟಗಳಲ್ಲಿಯೇ, ಅವರದರಷ್ಟೇ ಅಳತೆಯಲ್ಲಿ, ಆಕೆಯ ಪಟವೂ ಇದೆ.